ಬಾಲವಿಲ್ಲದ ಗಿಣಿ

ಬಬಲೇಶ್ವರ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಫಕ್ರುದ್ದೀನ ನದಾಫನ ಮೂಗು ಅಂತಿಂಥ ಮೂಗಲ್ಲ. ಠಾಣೆಯ ಕಟ್ಟೆಯ ಮೇಲೆ ಕುಳಿತು ಅವನು ಒಮ್ಮೆ ಉಸಿರೆಳೆದರೆ ಸಾಕು, ಟಿಕೋಟಾದಲ್ಲಿ ಯಾರ ಮನೆಯ ಬದನೆಕಾಯಿ ಪಲ್ಯ ತಳ ಹಿಡಿದಿದೆ, ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಯಾವ ಅಂಗಡಿಯವನು ಮೊನ್ನೆಯ ಎಣ್ಣೆಯಲ್ಲಿ ಇಂದಿನ ಭಜಿ ಕರಿಯುತ್ತಿದ್ದಾನೆ, ಸೊಲ್ಲಾಪುರ ಬಿಟ್ಟ ರೈಲಿನಲ್ಲಿ ಎಷ್ಟು ಮಂದಿ ಟಿಕೆಟ್ ಇಲ್ಲದೆ ಕುಳಿತಿದ್ದಾರೆ ಎಲ್ಲವೂ ತಿಳಿಯುತ್ತಿತ್ತು. ಟಿಕೆಟ್ ಇಲ್ಲದವನ ಬೆವರಿನ ವಾಸನೆಯೇ ಬೇರೆಯಂತೆ. ಒಮ್ಮೆ ದಿಲ್ಲಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬ ಆ ಮೂಗನ್ನು ಸರ್ಕಾರಕ್ಕೆ ಬರೆದುಕೊಡಲು ಕೇಳಿ, ಟೇಪು ಹಿಡಿದು ಉದ್ದ ಅಗಲ ಅಳೆದುಕೊಂಡು ಹೋಗಿದ್ದನಂತೆ. ನಂಬದವರು ಕಟ್ಟೆಗೆ ಬಂದು ವಿಚಾರಿಸಬಹುದಿತ್ತು. ಸಾಕ್ಷಿ ಹೇಳಲು ಫಕ್ರುದ್ದೀನ ಸದಾ ಅಲ್ಲೇ ಇರುತ್ತಿದ್ದ.

1978ರ ನವೆಂಬರ್ 6, ಸೋಮವಾರ, ಬೆಳಿಗ್ಗೆ 8 ಗಂಟೆ 20 ನಿಮಿಷ. ಕಾಖಂಡಕಿಯ ರೇಣವ್ವ, ವಯಸ್ಸು ಸುಮಾರು ಐವತ್ತೈದು, ಮೊದಲ ಬಸ್ಸಿಗೆ ಬಂದು ಠಾಣೆಯ ಮೆಟ್ಟಿಲು ಹತ್ತಿದಳು. ಅಂಥ ಮೂಗಿನ ಧಣಿ ಫಕ್ರುದ್ದೀನನಿಗೆ ಅವಳು ಎದುರಿಗೆ ಬಂದು ನಿಲ್ಲುವವರೆಗೆ ಸುಳಿವೇ ಹತ್ತಲಿಲ್ಲ.

"ಹವಾಲ್ದಾರ್ರ, ನನ್ನ ಡ್ರಮ್ಮು ಒಯ್ದಾರ್ರಿ."

"ಯಾವ ಡ್ರಮ್ಮು?" ಎಂದ ಫಕ್ರುದ್ದೀನ, ಕಾಗದದಿಂದ ತಲೆ ಎತ್ತದೆ.

"ಯಾವ ಡ್ರಮ್ಮು ಅಂತ ನೀವ ಕೇಳ್ತೀರೇನು?"

ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಅಲ್ಲಿ ಕುಳಿತಿದ್ದ ಫೌಜದಾರ ಧೂಳಪ್ಪ ಹೊಸಮನಿ, ಅಂದರೆ ಠಾಣೆಯ ಸಬ್ ಇನ್ಸ್‌ಪೆಕ್ಟರ್, ತಲೆ ಎತ್ತಿ ನೋಡಿದರು. ಇಪ್ಪತ್ತೆಂಟರ ಹುಡುಗ ವಯಸ್ಸು. ಬಬಲೇಶ್ವರಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಮಾತು ಕಡಿಮೆ, ಕಿಸೆಯ ಡೈರಿಯಲ್ಲಿ ಬರೆಯುವುದು ಜಾಸ್ತಿ. ಅವರು ಹೊರಗೆ ಬಂದು ರೇಣವ್ವನಿಗೆ ಬೆಂಚು ತೋರಿಸಿದರು.

ಡ್ರಮ್ಮು ಎಂದರೆ ಸಗಣಿ ಗ್ಯಾಸಿನ ಡ್ರಮ್ಮು. ಹಿತ್ತಲಲ್ಲಿ ಬಾವಿಯಂಥ ಗುಂಡಿ ಕಟ್ಟಿ, ಸಗಣಿಯ ರಾಡಿ ತುಂಬಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ದೊಡ್ಡ ಡಬ್ಬಿ. ರಾಡಿಯಿಂದ ಎದ್ದ ಗ್ಯಾಸು ಅದರಲ್ಲಿ ತುಂಬಿದಂತೆ ಡ್ರಮ್ಮು ಮೇಲೇರುತ್ತದೆ, ಕೊಳವೆಯ ದಾರಿಯಲ್ಲಿ ಗ್ಯಾಸು ಅಡುಗೆಮನೆಯ ಒಲೆಗೆ ಹೋಗುತ್ತದೆ. ಸಮುದ್ರದಾಚೆಯ ಒಂದು ಸಂಸ್ಥೆ ಡ್ರಮ್ಮು ಮತ್ತು ಒಲೆ ಕೊಡುವುದು, ಸರ್ಕಾರ ಸಿಮೆಂಟು ಕೊಡುವುದು, ಬ್ಯಾಂಕು ಸಾಲ ಕೊಡುವುದು, ಮನೆಯವರು ಗುಂಡಿ ತೋಡುವುದು. ನಾಲ್ಕು ಕಡೆಯವರು ಕೂಡಿ ನಡೆಸಿದ ಯೋಜನೆ ಇದು. ಕಾಖಂಡಕಿಯಲ್ಲಿ ರೇಣವ್ವನ ಮನೆಯದೇ ಮೊದಲನೆಯದು. ಪರೀಕ್ಷೆಗೆಂದು ಮುಂಬಯಿಯಿಂದ ಗೂಡ್ಸ್ ರೈಲಿನಲ್ಲಿ ಬಂದ ದಪ್ಪ ತಗಡಿನ ಡ್ರಮ್ಮು.

ಫಕ್ರುದ್ದೀನ ಎಫ್‌ಐಆರ್ ಪುಸ್ತಕ ತೆರೆದ. ಗುನ್ನೆ ನಂಬರ್ 47, ಭಾರತೀಯ ದಂಡ ಸಂಹಿತೆ ಕಲಂ 379, ಕಳವು.

"ಯಾವಾಗ ಒಯ್ದರು?"

"ನಿನ್ನೆ ಮಧ್ಯಾಹ್ನ. ನಾನು, ಮಗಳು ಹತ್ತಿ ಬಿಡಸಾಕ ಹೊಲಕ್ಕ ಹೋಗಿದ್ವಿ. ಬಂದು ನೋಡತೇವಿ, ಗುಂಡಿ ಬಾಯಿ ತಕ್ಕೊಂಡು ಕುಂತೈತಿ."

"ಯಾರ ಮ್ಯಾಲಾದ್ರೂ ಸಂಶಯ?"

ರೇಣವ್ವ ಫಕ್ರುದ್ದೀನನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಾ ಏನ್ ಹೇಳ್ಲಿರಿ" ಎಂದಳು.

"ಗುರುತು?" ಎಂದು ಧೂಳಪ್ಪನವರು ಕೇಳುವುದಕ್ಕೂ ಹೊರಗೆ ಜೀಪಿನ ಡ್ರೈವರ್ ಪೀರಸಾಬ ಹಾರ್ನ್ ಒತ್ತುವುದಕ್ಕೂ ಸರಿಹೋಯಿತು. ಸಾಹೇಬರು ಹೊರಗೆ ಹೋದರು.

"ಮ್ಯಾಲ ಗಿಣಿ ಐತಿ. ನನ್ನ ಮಗಳು ಲಕ್ಕವ್ವ ಹಸರ ಬಣ್ಣದಾಗ ಬರದಾಳ. ಬಾಲ ಇಲ್ಲ ಅದಕ್ಕ. ಬರಕೋರಿ, ಬಾಲ ಇಲ್ಲದ ಗಿಣಿ."

ಫಕ್ರುದ್ದೀನನ ಪೆನ್ನು ಅಲ್ಲಿಯೇ ನಿಂತಿತು. ಅದನ್ನು ಎರಡು ಸಲ ಜಾಡಿಸಿದ. ಶಾಯಿ ಇತ್ತು. ಆದರೂ ಅವನು ಬರೆದದ್ದು ಇಷ್ಟೇ: "ಕಬ್ಬಿಣದ ಕಪ್ಪು ಡ್ರಮ್ಮು ಒಂದು." ಟಿಕೋಟಾದ ಪಲ್ಯ ಮೂಸುವಂಥ ಮನುಷ್ಯನಿಗೆ ಗಿಣಿಯ ಹಂಗೇಕೆ? ಇಡೀ ಹಿಂದೂಸ್ತಾನದ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದರೂ ಕಣ್ಣು ಮುಚ್ಚಿ ಹೆಕ್ಕಿ ತೆಗೆಯಬಲ್ಲ. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ. ರೇಣವ್ವ ಹೆಬ್ಬೆಟ್ಟು ಒತ್ತಿದಳು.

"ಜಲ್ದಿ ಸಿಕ್ಕೀತೇನ್ರಿ?" ಎಂದು ಅವಳು ಏಳುವಾಗ ಕೇಳಿದಳು. "ಲಕ್ಕವ್ವಗ ದಮ್ಮು ಐತಿ, ಗೊತ್ತಲ್ಲ ನಿಮಗ. ಹೊಗಿ ಕಂಡ್ರ ಉಸರ ಹಿಡಿತಾಳ."

"ಸಿಗ್ತದಕ್ಕಾ, ಸಿಗ್ತದ" ಎಂದ ಫಕ್ರುದ್ದೀನ. ಆ ಹೊತ್ತಿಗೆ ಅವನು ಬಾಗಿಲಿನ ಕಡೆ ನೋಡುತ್ತಿದ್ದ.

ಬೆಳಿಗ್ಗೆ 10 ಗಂಟೆ 45 ನಿಮಿಷಕ್ಕೆ ಕಾಖಂಡಕಿಯಲ್ಲಿ ಸ್ಥಳ ಪಂಚನಾಮೆ. ಇಬ್ಬರು ಪಂಚರ ಎದುರಿಗೆ ಧೂಳಪ್ಪನವರು ಗುಂಡಿಯ ಸುತ್ತ ಮೂರು ಸುತ್ತು ಬಂದರು. ಗುಂಡಿಯಲ್ಲಿ ರಾಡಿ ಗುಳುಗುಳು ಗುಳ್ಳೆ ಬಿಡುತ್ತಿತ್ತು. ಕತ್ತರಿಸಿದ ರಬ್ಬರ್ ಕೊಳವೆ ಗೋಡೆಗೆ ಜೋತುಬಿದ್ದಿತ್ತು. ಅಂಗಳದಿಂದ ದಾರಿಯವರೆಗೆ ಒಣಗಿದ ರಾಡಿಯ ಹನಿಗಳು, ಆಮೇಲೆ ಟ್ರ್ಯಾಕ್ಟರ್ ಟ್ರೇಲರಿನ ಗಾಲಿಯ ಗುರುತು. ಧೂಳಪ್ಪನವರು ಕೂತು ಗಾಲಿಯ ಅಗಲವನ್ನು ಗೇಣಿನಿಂದ ಅಳೆದು ಬರೆದುಕೊಂಡರು.

ಫಕ್ರುದ್ದೀನ ಗುಂಡಿಯ ದಂಡೆಯ ಮೇಲೆ ನಿಂತು ಮೂಗನ್ನು ಆಕಾಶಕ್ಕೆ ಎತ್ತಿದ. ಎರಡು ನಿಮಿಷ ಕಣ್ಣು ಮುಚ್ಚಿದ. ಊರಿನ ಮಂದಿ ಉಸಿರು ಬಿಗಿಹಿಡಿದು ನಿಂತರು.

"ಬಡಗಣ ದಿಕ್ಕಿಗೆ ಹೋಗೈತ್ರಿ ಸಾಹೇಬ್ರ. ವಿಜಾಪುರ. ಹಳೆ ಕಬ್ಬಿಣದ ಮೋಡಕಾ ಬಜಾರ."

ಹಾಗೆಂದವನೇ ಬೀಡಿ ತೆಗೆದು ಬಾಯಿಗಿಟ್ಟು ಕಡ್ಡಿ ಗೀರಲು ಹೋದ.

"ಏ ಹವಾಲ್ದಾರಾ!" ರೇಣವ್ವ ಓಡಿ ಬಂದು ಕೈಗೆ ಹೊಡೆದಳು. ಕಡ್ಡಿಪೆಟ್ಟಿಗೆ ರಾಡಿಯಲ್ಲಿ ಬಿತ್ತು. "ಗ್ಯಾಸ್ ನಾರಾಕತ್ತೈತಿ, ಎಲ್ಲಾರೂ ಮೂಗ ಮುಚ್ಕೊಂಡ ನಿಂತಾರ, ನಿಂಗೇನ್ ಮೂಗ ಕಿತ್ತ ಹೋಗೈತೇನೋ?"

ಮಂದಿ ನಕ್ಕರು. ಫಕ್ರುದ್ದೀನನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಧೂಳಪ್ಪನವರು ನಗಲಿಲ್ಲ. ಡೈರಿಯಲ್ಲಿ ಏನೋ ಬರೆದರು.

ಪಕ್ಕದ ಮನೆಯ ಮಾಳವ್ವನ ಹೇಳಿಕೆ ತೆಗೆದುಕೊಂಡರು.

"ನೀವು ನೋಡಿದ್ರೇನು?"

"ನೋಡೇನ್ರಿ. ಐದಾರು ಮಂದಿ ಬಂದಿದ್ರು, ಟ್ರ್ಯಾಕ್ಟರ್ ತಂದಿದ್ರು. ರಿಪೇರಿಗೆ ಒಯ್ಯಾಕತ್ತೇವಿ ಅಂದ್ರು."

"ನೀವು ಯಾಕ ತಡೀಲಿಲ್ಲ?"

"ತಡಿಯೂದೇನ್ರಿ? ಹಿಂದಕೂ ಒಮ್ಮೆ ಹಂಗ ಒಯ್ದು ತಂದಿಟ್ಟಿದ್ರಲ್ಲ, ಆವಾಗ ಈ ಹವಾಲ್ದಾರ್ರು..."

"ಆಕಿ ವಯಸ್ಸಾದಾಕಿರಿ ಸಾಹೇಬ್ರ, ಯಾವ್ದೋ ಯಾವಾಗಿಂದೋ ಹೇಳ್ತಾಳ" ಎಂದು ಫಕ್ರುದ್ದೀನ ನಡುವೆ ಬಾಯಿ ಹಾಕಿದ. "ಟೈಮ್ ಆಗಾಕತ್ತೈತಿ. ಮೋಡಕಾದವ್ರು ಮುರದು ಹಾಕಿದ್ರ ಮುಗೀತು."

ಮಾಳವ್ವನಿಗೆ ನಲವತ್ತು ದಾಟಿರಲಿಲ್ಲ. ಅವಳು ಫಕ್ರುದ್ದೀನನನ್ನು ಕೆಕ್ಕರಿಸಿ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಡುವ ಮುನ್ನ ಧೂಳಪ್ಪನವರು ರೇಣವ್ವನನ್ನು ಒಂದೇ ಮಾತು ಕೇಳಿದರು. "ಡ್ರಮ್ಮಿನಾಗ ಗ್ಯಾಸ್ ಎಷ್ಟೈತಿ ಅಂತ ಹೆಂಗ ತಿಳಕೋತೀರಿ?"

"ಮುಂಜಾನೆ ಎದ್ದು ಕೈಲೆ ಒತ್ತಿ ನೋಡ್ತೇನ್ರಿ. ನೀರಾಗಿನ ಬುರುಡಿ ಹಂಗ ಅಲಗ್ಯಾಡ್ತೈತಿ. ಎಷ್ಟ ಅಲಗ್ತೈತಿ ಅಷ್ಟ ರೊಟ್ಟಿ."

ಮಂಗಳವಾರ, ನವೆಂಬರ್ 7. ಬೆಳಿಗ್ಗೆ 11ಕ್ಕೆ ವಿಜಾಪುರದ ಸ್ಟೇಷನ್ ರಸ್ತೆ. ಫಕ್ರುದ್ದೀನ ಜೀಪಿನಿಂದ ಇಳಿದು ಬೇಟೆನಾಯಿಯಂತೆ ಒಂದೊಂದು ಅಂಗಡಿಯ ಮುಂದೆಯೂ ಮೂಗು ಚಾಚುತ್ತ ನಡೆದ. ಹದಿನಾಲ್ಕು ಅಂಗಡಿ ಎಂದು ಪೀರಸಾಬ ಎಣಿಸಿದ. ಫಕ್ರುದ್ದೀನ ಆಮೇಲೆ ಹೇಳುವಾಗ ಅವು ನೂರಾ ನಲವತ್ತಾಗಿದ್ದವು. ಕೊನೆಗೆ ಮೋಡಕಾ ವ್ಯಾಪಾರಿ ಮುರ್ತುಜಾಸಾಬನ ಅಂಗಡಿ ಬಂತು.

"ಸಗಣಿ ಗ್ಯಾಸಿನ ಡ್ರಮ್ಮು ಯಾರಾದ್ರೂ ತಂದಾರೇನು?" ಎಂದು ಧೂಳಪ್ಪನವರು ಕೇಳಿದರು.

"ಡ್ರಮ್ಮು? ಸಾಹೇಬ್ರ, ಬರ್ರಿ ತೋರಸ್ತೇನಿ." ಮುರ್ತುಜಾಸಾಬ ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದ. ಅಲ್ಲಿ ತುಕ್ಕು ಹಿಡಿದು ಜರಡಿಯಾದ ತಗಡುಗಳು ರಾಶಿಬಿದ್ದಿದ್ದವು. "ಇವು ಟಿಕೋಟಾದ್ವು. ಹನ್ನೊಂದು ಡ್ರಮ್ಮು. ಒಂದ ಮಳಿಗಾಲಕ್ಕ ಹಿಂಗಾದ್ವು. ಹೋದ ತಿಂಗಳ ತಂದು ಹಾಕಿದ್ರು. ಬೆರಳಿಟ್ರ ಹಪ್ಪಳ ಮುರದಂಗ ಮುರೀತಾವ, ನೋಡ್ರಿ. ಗಟ್ಟಿ ಡ್ರಮ್ಮು ಇಲ್ಲಿಗಿ ಬರಂಗಿಲ್ಲ. ಉರಿಯೂ ಡ್ರಮ್ಮ ಯಾವ ಹುಚ್ಚ ಮೋಡಕಾಕ್ಕ ಹಾಕ್ತಾನ್ರಿ?"

"ಟಿಕೋಟಾದಿಂದ ಯಾರು ತಂದು ಹಾಕಿದ್ರು?"

"ಅಲ್ಲಿ ಗ್ಯಾಸ್ ಸಂಘದ ಕಾರ್ಯದರ್ಶಿ ರಾಯಪ್ಪ. ಭಾಳ ಮರ್ಯಾದಸ್ಥ. ರೇಟು ಸಹಿತ ಕೇಳ್ಲಿಲ್ಲ. ಯಾರಿಗೂ ಹೇಳಬ್ಯಾಡ್ರಿ ಅಂದು, ಮಾರಿ ಮುಚ್ಕೊಂಡು ಹೋದ."

ಧೂಳಪ್ಪನವರು ಡೈರಿ ತೆಗೆದರು. ಫಕ್ರುದ್ದೀನ ಬೇರೆ ಕಡೆ ತಿರುಗಿ ಬೆವರು ಒರೆಸಿಕೊಂಡ. ನಾಳೆ ಬುಧವಾರ. ನಾಳೆ ಮಧ್ಯಾಹ್ನ ದಾಟಿದರೆ ಸಾಕು, ಗುರುವಾರ ಡ್ರಮ್ಮು ತಾನಾಗಿಯೇ ಕಾಖಂಡಕಿಗೆ ಬರುತ್ತದೆ, ಮೂಗಿನ ಕೀರ್ತಿಯೂ ಉಳಿಯುತ್ತದೆ. ಒಂದೇ ದಿನ. ಜಗತ್ತನ್ನೇ ಮೂಸಿ ಗೆದ್ದವನಿಗೆ ಒಂದು ದಿನ ತಳ್ಳುವುದೇನು ದೊಡ್ಡದು?

ಅದೇ ದಿನ ಸಂಜೆ 5ಕ್ಕೆ, ರೇಣವ್ವನ ಮರುಹೇಳಿಕೆಗೆ ಹೆಬ್ಬೆಟ್ಟು ಹಾಕಿಸಿಕೊಂಡು ಬರಲು ಧೂಳಪ್ಪನವರು ಫಕ್ರುದ್ದೀನನೊಬ್ಬನನ್ನೇ ಕಾಖಂಡಕಿಗೆ ಕಳಿಸಿದರು.

ರೇಣವ್ವ ಎಮ್ಮೆ ಹೊಡೆದುಕೊಂಡು ಬರಲು ಹೋಗಿದ್ದಳು. ಅಡುಗೆಮನೆಯ ಬಾಗಿಲಿನಿಂದ ಹೊಗೆ ದಪ್ಪ ಕಂಬಳಿಯಂತೆ ಹೊರಗೆ ಬರುತ್ತಿತ್ತು. ಅದರ ವಾಸನೆ ಫಕ್ರುದ್ದೀನನಿಗೆ ತಿಳಿಯಲಿಲ್ಲ, ಕಣ್ಣು ಮಾತ್ರ ಉರಿಯಿತು. ಒಳಗೆ ಲಕ್ಕವ್ವ ಹತ್ತಿಕಟ್ಟಿಗೆಯ ಒಲೆಯ ಮುಂದೆ ಎರಡೂ ಅಂಗೈಗಳನ್ನು ನೆಲಕ್ಕೂರಿ ಕುಳಿತಿದ್ದಳು. ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು. ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು.

"ಮಾಮಾ," ಎಂದಳು ಅವನನ್ನು ನೋಡಿ. ಉಸಿರು ಎಳೆದುಕೊಂಡಳು. "ಗಿಣಿ..." ಮತ್ತೆ ಉಸಿರು. "ಸಿಕ್ತೇನು?"

ಆ ಮೂರು ಮಾತಿಗೆ ಅವಳಿಗೆ ಹಿಡಿದ ಹೊತ್ತಿನಲ್ಲಿ ಒಬ್ಬ ಮನುಷ್ಯ ಒಂದು ಬೀಡಿ ಸೇದಿ ಮುಗಿಸಬಹುದಿತ್ತು. ಇದರಲ್ಲಿ ಮಾತ್ರ ಉಬ್ಬಿಸಿ ಹೇಳಿದ್ದು ಏನೂ ಇಲ್ಲ. ಫಕ್ರುದ್ದೀನ ಒಲೆಯ ಕಟ್ಟಿಗೆಯನ್ನು ಹೊರಗೆಳೆದು ನೀರು ಹಾಕಿದ, ಅವಳನ್ನು ಕೈಹಿಡಿದು ಅಂಗಳಕ್ಕೆ ತಂದು ಕೂರಿಸಿದ, ರೇಣವ್ವ ಬರುವುದರೊಳಗೆ ಹೆಬ್ಬೆಟ್ಟನ್ನೂ ತೆಗೆದುಕೊಳ್ಳದೆ ಹೊರಟುಬಿಟ್ಟ.

ಮರುದಿನ ಬೆಳಿಗ್ಗೆ 8ಕ್ಕೆ ಠಾಣೆಗೆ ಬಂದವನೇ ಸಾಹೇಬರ ಮುಂದೆ ನಿಂತ.

"ಗಾಳಿ ತಿರಿಗೇತ್ರಿ. ವಾಸನಿ ಟಿಕೋಟಾ ಕಡೆಯಿಂದ ಬರಾಕತ್ತೈತಿ."

"ಹೌದು?" ಎಂದರು ಧೂಳಪ್ಪನವರು. "ನನಗೂ ಹಂಗ ಅನಸ್ತು. ಟಿಕೋಟಾ ಔಟ್‌ಪೋಸ್ಟಿಗೆ ಆಗಲೇ ಫೋನ್ ಮಾಡೇನಿ. ಹತ್ರಿ ಜೀಪ."

ಮೊದಲು ಕಾಖಂಡಕಿಗೆ ಹೋಗಿ ರೇಣವ್ವನನ್ನೂ ಹತ್ತಿಸಿಕೊಂಡರು. ಡ್ರಮ್ಮು ಗುರುತಿಸಲು ಅವಳು ಬೇಕು. ಅವಳು ಹಿಂದಿನ ಸೀಟಿನಲ್ಲಿ ಫಕ್ರುದ್ದೀನನ ಎದುರಿಗೇ ಕುಳಿತಳು. 

ನವೆಂಬರ್ 8, ಬುಧವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಟಿಕೋಟಾದಲ್ಲಿ ಸಂಘದ ಕಾರ್ಯದರ್ಶಿ ರಾಯಪ್ಪನ ಮನೆಯ ಹಿತ್ತಲಲ್ಲಿ ಪೆಂಡಾಲ್ ಹಾಕಿದ್ದರು. ಸಮುದ್ರದಾಚೆಯ ಸಂಸ್ಥೆಯ ಪರವಾಗಿ ಇಂಗ್ರಿಡ್‌ಬಾಯಿ ಎಂಬ ಬಾಯಿಸಾಹೇಬರು, ಅಂದರೆ ಮೇಡಂ, ಆ ದಿನವೇ ನೋಡಲು ಬರುವವರಿದ್ದರು. ಅವರು ನೋಡಿ ಮೆಚ್ಚಿದರೆ ಇನ್ನೂ ನಲವತ್ತು ಮನೆಗಳಿಗೆ ಗ್ಯಾಸು. ನಡುವೆ ಡ್ರಮ್ಮು ನಿಂತಿತ್ತು, ಹೊಸದಾಗಿ ಕಪ್ಪು ಬಳಿದು, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಗುಂಡಿಯಿಂದ ಎರಡು ಅಡಿ ಮೇಲೆದ್ದು.

ಧೂಳಪ್ಪನವರು ಯಾರನ್ನೂ ಮಾತಾಡಿಸದೆ ಮೊದಲು ಡ್ರಮ್ಮಿನ ಮೇಲೆ ಅಂಗೈ ಇಟ್ಟು ಒತ್ತಿದರು. ಅದು ಅಲುಗಲಿಲ್ಲ. ಬಗ್ಗಿ ನೋಡಿದರು. ಕೆಳಗೆ ನಾಲ್ಕು ಕಲ್ಲುಗಳು. ಗ್ಯಾಸು ತುಂಬಿದಂತೆ ಕಾಣಲೆಂದು ಡ್ರಮ್ಮನ್ನು ಕಲ್ಲಿನ ಮೇಲೆ ಕೂರಿಸಿದ್ದರು.

ಬಳಿಕ ಅಡುಗೆಮನೆಗೆ ಹೋದರು. ಗ್ಯಾಸಿನ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಒಲೆಯ ಕಟ್ಟೆಯ ಮುಂದೆ ಹೊಸ ಪರದೆ ಇಳಿಬಿಟ್ಟಿದ್ದರು.

"ನದಾಫ, ನೋಡ್ರಿ, ಇದು ಏನ ವಾಸನಿ?"

ಫಕ್ರುದ್ದೀನ ಎದೆ ತುಂಬ ಉಸಿರೆಳೆದ. "ಅಪ್ಪಟ ಸಗಣಿ ಗ್ಯಾಸ್ರಿ ಸಾಹೇಬ್ರ! ಈ ವಾಸನಿ ಹಿಡದ ನಾ ಬಂದಿದ್ದು. ಕಾಖಂಡಕಿ ಎಮ್ಮಿ ಸಗಣಿದ ಐತಿ, ಅನುಮಾನ ಇಲ್ಲ."

ಬಾಗಿಲಲ್ಲಿ ನಿಂತ ಪೀರಸಾಬ ಮೂಗು ಮುಚ್ಚಿಕೊಂಡು ಕೆಮ್ಮಿದ. ಧೂಳಪ್ಪನವರು ಪರದೆ ಸರಿಸಿದರು. ಕಟ್ಟೆಯ ಇಟ್ಟಂಗಿ ಕಿತ್ತು ಮಾಡಿದ ಕಿಂಡಿಯಲ್ಲಿ, ಗ್ಯಾಸಿನ ಒಲೆಯ ಹೊಟ್ಟೆಗೆ ಸರಿಯಾಗಿ, ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಬತ್ತಿ ಸ್ಟೋ ಉರಿಯುತ್ತಿತ್ತು. ಪಕ್ಕದಲ್ಲಿ ಎಣ್ಣೆಯ ಡಬ್ಬಿ ಉರುಳಿ ನೆಲವೆಲ್ಲ ಒದ್ದೆ.

"ಮನಿ ತುಂಬ ಚಿಮಣಿ ಎಣ್ಣಿ ನಾರಾಕತ್ತೈತಿ," ಎಂದರು ಸಾಹೇಬರು ಮೆಲ್ಲಗೆ. "ಹೊಸಲಿಗಿ ಬಂದಾಗಿಂದ. ನಿಮಗೊಬ್ಬರಿಗೇ ಬರವಲ್ದು."

ಫಕ್ರುದ್ದೀನನ ಕೈ ತಾನಾಗಿ ಮೂಗಿನ ಮೇಲೆ ಹೋಯಿತು, ಏನೋ ಕಳೆದುಹೋದದ್ದನ್ನು ತಡಕುವಂತೆ.

ಅಷ್ಟರಲ್ಲಿ ಹೊರಗೆ ಕಾರು ಬಂತು. ಇಂಗ್ರಿಡ್‌ಬಾಯಿ ಇಳಿದರು. ಬೆಳ್ಳಗೆ ಕೂದಲು, ಕಾಲಲ್ಲಿ ಸಾದಾ ಚಪ್ಪಲಿ. ಜೊತೆಗೆ ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಆಫೀಸಿನ ಗುಮಾಸ್ತ. ಅವರು ಡ್ರಮ್ಮಿನ ಬಳಿ ಹೋಗಿ ಸುತ್ತಲೂ ನೋಡಿದರು. ಚೀಲದಿಂದ ಎರಡು ಫೋಟೋ ತೆಗೆದರು. ಒಂದು ಕಾಖಂಡಕಿಯದು, ಡ್ರಮ್ಮಿನ ಪಕ್ಕ ರೇಣವ್ವ. ಇನ್ನೊಂದು ಟಿಕೋಟಾದ್ದು, ಹೋದ ಫೆಬ್ರವರಿಯಲ್ಲಿ ಸಂಸ್ಥೆಯವರು ಬಂದಾಗ ತೆಗೆದದ್ದು. ಎರಡರಲ್ಲೂ ಡ್ರಮ್ಮಿನ ಮೇಲೆ ಬಾಲವಿಲ್ಲದ ಗಿಣಿ. ಎರಡನೆಯದರಲ್ಲಿ ಡ್ರಮ್ಮಿನ ಪಕ್ಕ ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದು ನಿಂತ ಪೊಲೀಸಿನವನು ಒಬ್ಬ. ಫೋಟೋ ಮಬ್ಬಾಗಿದ್ದರೂ ಮೂಗು ಮಾತ್ರ ನಿಚ್ಚಳವಾಗಿತ್ತು.

"ಬಾಯಿಸಾಹೇಬ್ರು ಕೇಳಾಕತ್ತಾರ," ಎಂದ ಗುಮಾಸ್ತ. "ಎರಡೂ ಊರಾಗ ಒಂದ ನಮೂನಿ ಗಿಣಿ ಐತಲ್ಲ, ಇದು ನಿಮ್ಮ ಕಡೆ ಪದ್ಧತಿ ಏನು?"

ರಾಯಪ್ಪ ಡ್ರಮ್ಮಿನ ಹಾರ ಸರಿಪಡಿಸತೊಡಗಿದ. ಮೂವತ್ತೈದರ ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು.  ಯಾರೂ ಕೇಳದಿದ್ದರೂ ಫಕ್ರುದ್ದೀನನ ಬಾಯಿ ತೆರೆದುಕೊಂಡಿತು.

"ಹೌದ್ರಿ! ಪದ್ಧತಿನ! ಆದಿಲಶಾಹಿ ಕಾಲದಿಂದ ನಡಕೊಂಡ ಬಂದೈತಿ. ಹೊಸ ಡ್ರಮ್ಮಿಗಿ ಗಿಣಿ ಬರೀದಿದ್ರ ಉರಿ ಹತ್ತಂಗಿಲ್ರಿ."

ಗುಮಾಸ್ತ ತಿರುಗಿಸಿ ಹೇಳಿದ. ಇಂಗ್ರಿಡ್‌ಬಾಯಿ ಅದನ್ನು ವಿನಯದಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮತ್ತೆ ಏನೋ ಕೇಳಿದರು.

"ಬಾಲ ಯಾಕಿಲ್ಲ ಅಂತಾರ."

"ಬಾಲ ಬರದ್ರ ಹಾರಿ ಹೋಗ್ತೈತ್ರಿ."

"ಬಣ್ಣ ತೀರಿತ್ತವ್ವಾ, ಅದಕ್ಕ ಬಾಲ ಇಲ್ಲ."

ಹೇಳಿದವಳು ರೇಣವ್ವ. ಜೀಪಿನಿಂದ ಇಳಿದು ಯಾವಾಗ ಬಂದು ನಿಂತಿದ್ದಳೋ. ಅವಳು ಯಾರ ಅಪ್ಪಣೆಗೂ ಕಾಯದೆ ಡ್ರಮ್ಮಿನ ಬಳಿ ಹೋದಳು. ಹಾರವನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು. ಸೆರಗಿನ ತುದಿಯಿಂದ ಮೇಲ್ಭಾಗವನ್ನು ಉಜ್ಜಿದಳು. ಕಪ್ಪು ಬಣ್ಣ ಇನ್ನೂ ಒಣಗಿರಲಿಲ್ಲ. ಸೆರಗು ಕಪ್ಪಾದಂತೆ ಕೆಳಗಿನಿಂದ ಮೊದಲು ಒಂದು ಕೆಂಪು ಕೊಕ್ಕು, ಆಮೇಲೆ ಹಸಿರು ರೆಕ್ಕೆ ಮೇಲೆದ್ದು ಬಂದವು. ರೆಕ್ಕೆಯಾಚೆ ಏನೂ ಇರಲಿಲ್ಲ.

"ಇದು ನನ್ನ ಮನಿದು," ಎಂದಳು.

ಇಂಗ್ರಿಡ್‌ಬಾಯಿ ಅವಳನ್ನೂ ಫೋಟೋವನ್ನೂ ನೋಡಿದರು. ನೋಟ್‌ಬುಕ್ಕಿನಲ್ಲಿ ಆಗಷ್ಟೇ ಬರೆದ ಸಾಲಿನ ಮೇಲೆ ಒಂದು ಗೀಟು ಎಳೆದರು. ರಾಯಪ್ಪ ನಿಂತಲ್ಲೇ ಕುಸಿದು ನೆಲದ ಮೇಲೆ ಕುಳಿತ.

ಇಂಗ್ರಿಡ್‌ಬಾಯಿ ಅವನ ಎದುರಿಗೆ, ಆ ನೆಲದ ಮೇಲೆಯೇ, ಕುಳಿತುಕೊಂಡರು. ಒಂದೇ ಪ್ರಶ್ನೆ ಕೇಳಿದರು. ಗುಮಾಸ್ತ ಅದನ್ನು ಬಹಳ ಮೆಲ್ಲಗೆ ಹೇಳಿದ. "ಉರಿಯವಲ್ದು ಅಂತ ನೀವು ನಮಗ ಯಾಕ ಬರೀಲಿಲ್ಲ?"

"ನಾಚಿಕಿ ಬಂತ್ರಿ" ಎಂದ ರಾಯಪ್ಪ.

ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ ರಾಯಪ್ಪನ ದಸ್ತಗಿರಿ. ಅಂಗಶೋಧನೆಯ ಪಂಚನಾಮೆಯಲ್ಲಿ ಸಿಕ್ಕಿದ್ದು ಒಂದು ಪೆನ್ನು, ಬಸ್ಸಿನ ಟಿಕೆಟ್ಟು, ಮಡಚಿ ಮಡಚಿ ಸವೆದ ಒಂದು ಪತ್ರ. ಪರದೇಶದ ಒಂದು ಶಾಲೆಯ ಮಾಸ್ತರ್‌ಬಾಯಿ ಬರೆದದ್ದು. ಕನ್ನಡಕ್ಕೆ ತಿರುಗಿಸಿದ್ದನ್ನು ರಾಯಪ್ಪ ತನ್ನ ಕೈಯಿಂದಲೇ ಹಿಂಬದಿಯಲ್ಲಿ ಬರೆದುಕೊಂಡಿದ್ದ. "ನಮ್ಮ ತರಗತಿಯ ಮಕ್ಕಳು ಒಂದು ಚಳಿಗಾಲವೆಲ್ಲ ಹಳೆಯ ಕಾಗದ ಕೂಡಿಹಾಕಿ ಮಾರಿ ನಿಮ್ಮ ಊರಿಗೆ ಒಂದು ಡ್ರಮ್ಮು ಕಳಿಸಿದ್ದಾರೆ. ಅದು ಚೆನ್ನಾಗಿ ಉರಿಯುತ್ತಿದೆಯೇ ಎಂದು ದಿನವೂ ಕೇಳುತ್ತಾರೆ." ಆ ಹನ್ನೊಂದು ಡ್ರಮ್ಮುಗಳಲ್ಲಿ ಮಕ್ಕಳದು ಯಾವುದೆಂದು ರಾಯಪ್ಪನಿಗೆ ತಿಳಿದಿರಲಿಲ್ಲ. ಎಲ್ಲವೂ ಮುರ್ತುಜಾಸಾಬನ ಅಂಗಳದಲ್ಲಿದ್ದವು. "ಬಹಳ ಚೆನ್ನಾಗಿ ಉರಿಯುತ್ತಿದೆ" ಎಂದು ಉತ್ತರ ಬರೆದಿದ್ದ. ಒಮ್ಮೆ ಬರೆದ ಮೇಲೆ ಉರಿದದ್ದನ್ನು ತೋರಿಸಬೇಕಾಯಿತು. ಈ ಕೆಲಸದಲ್ಲಿ ಅವನು ಒಂದು ಪೈಸೆಯನ್ನೂ ಮುಟ್ಟಿರಲಿಲ್ಲ. ಧೂಳಪ್ಪನವರು ಅದನ್ನೂ ಕೇಸ್ ಡೈರಿಯಲ್ಲಿ ಬರೆದರು.

ಮಧ್ಯಾಹ್ನ 3ಕ್ಕೆ ಬಬಲೇಶ್ವರ ಠಾಣೆ. ಸಾಹೇಬರು ಬಾಗಿಲು ಹಾಕಿ, ಎರಡನೆಯ ಫೋಟೋವನ್ನು ಮೇಜಿನ ಮೇಲೆ ಇಟ್ಟರು.

"ಇವರು ಯಾರು?"

ಫಕ್ರುದ್ದೀನ ಫೋಟೋವನ್ನು ಬೋರಲು ಹಾಕಿದ.

"ಎಫ್‌ಐಆರ್‌ನಾಗ ಗಿಣಿ ಯಾಕಿಲ್ಲ? ರೇಣವ್ವ ಹೇಳೇನಿ ಅಂತಾಳ."

"ಹೇಳಿದ್ದಳ್ರಿ."

"ಸೋಮವಾರನ ಗೊತ್ತಿತ್ತೇನು, ಡ್ರಮ್ಮು ಎಲ್ಲೈತಿ ಅಂತ?"

"ಗೊತ್ತಿತ್ರಿ."

ಆಮೇಲೆ ಅವನು ಹೇಳಿದ. ಉಬ್ಬಿಸದೆ, ಬಣ್ಣ ಹಚ್ಚದೆ ಹೇಳಲು ಅವನಿಗೆ ಕಷ್ಟವಾಯಿತು. ಅಂಥ ಮಾತಿಗೆ ನಾಲಿಗೆ ಪಳಗಿರಲಿಲ್ಲ. ರಾಯಪ್ಪ ಅವನ ಹಳೆಯ ಗೆಳೆಯ. ಫೆಬ್ರವರಿಯಲ್ಲಿ ಸಂಸ್ಥೆಯವರು ಬರುತ್ತಾರೆಂದಾಗ ಟಿಕೋಟಾದ ಡ್ರಮ್ಮುಗಳು ಆಗಲೇ ಸೋರುತ್ತಿದ್ದವು. ಬಂದೋಬಸ್ತಿನ ಕೆಲಸಕ್ಕಿದ್ದ ಫಕ್ರುದ್ದೀನ ತಾನೇ ಕಾಖಂಡಕಿಗೆ ಹೋಗಿ ರೇಣವ್ವನನ್ನು ಕೇಳಿದ. ಹೆಣ್ಣು ನೋಡಲು ಬೀಗರು ಬರುವಾಗ ಓಣಿಯವರ ತಾಮ್ರದ ಹಂಡೆ, ಪಕ್ಕದ ಮನೆಯ ಮಂಚ, ಒಮ್ಮೊಮ್ಮೆ ಎದುರುಮನೆಯ ಎಮ್ಮೆಯನ್ನೂ ತಂದು ಅಂಗಳದಲ್ಲಿ ಕಟ್ಟುವುದಿಲ್ಲವೇ? ಅವನ ಅಕ್ಕನ ಲಗ್ನವೂ ಹಾಗೆಯೇ ಕೂಡಿತ್ತು. ಇದೂ ಹಾಗೆಯೇ ಎಂದ. ರೇಣವ್ವ ನಗುನಗುತ್ತ ಕೊಟ್ಟಳು. ಒಂದು ದಿನಕ್ಕೆಂದು ಹೋದ ಡ್ರಮ್ಮು ಹತ್ತೊಂಬತ್ತು ದಿನಕ್ಕೆ ಬಂತು. ಅಷ್ಟರಲ್ಲಿ ಹೊಗೆ ಕುಡಿದು ಲಕ್ಕವ್ವ ವಿಜಾಪುರದ ದವಾಖಾನೆ ಸೇರಿದ್ದಳು.

"ಈ ಸಲ ಆಕಿ ಕೊಡಂಗಿಲ್ಲಂತ ಗೊತ್ತಿತ್ರಿ. ಕೇಳಾಕ ಮಾರಿ ಇರಲಿಲ್ಲ ನನಗ. ರಾಯಪ್ಪಗ ನಾನ ಹೇಳ್ದೆ, ಐತವಾರ ಅವ್ರು ಹೊಲಕ್ಕ ಹೋಗಿರ್ತಾರ ಅಂತ."

"ಆಕಿ ನನಗ ಯಾಕ ಹೇಳ್ಲಿಲ್ಲ?"

"ಫೆಬ್ರವರಿದು ಹೇಳಿದ್ರ ಸಂಸ್ಥೆಯವ್ರು ಡ್ರಮ್ಮ ಖಾಯಂ ಒಯ್ತಾರ ಅಂತ ಅಂಜಿಸಿದ್ದೆ."

 ಧೂಳಪ್ಪನವರು ಖಾಲಿ ಹಾಳೆ ಮತ್ತು ಪೆನ್ನನ್ನು ಅವನ ಕಡೆ ಸರಿಸಿದರು. "ನೀವ ಬರೀರಿ. ನಿಮ್ಮ ಕೈಲೆ. ಗಿಣಿಯಿಂದ ಚಾಲೂ ಮಾಡ್ರಿ."

ಅವನು ಬರೆದ. ಎರಡನೆಯ ಆರೋಪಿ, ಫಕ್ರುದ್ದೀನ ನದಾಫ, ಹೆಡ್ ಕಾನ್‌ಸ್ಟೇಬಲ್. ಆ ದಿನ ಸಂಜೆ 6 ಗಂಟೆ 10 ನಿಮಿಷಕ್ಕೆ ಅವನ ಬೆಲ್ಟು, ಟೋಪಿ, ನಂಬರಿನ ಬಿಲ್ಲೆ ಠಾಣೆಯ ಕಪಾಟಿಗೆ ಸೇರಿದವು. ನಲವತ್ತು ಮನೆಗಳಿಗೆ ಗ್ಯಾಸು ಬಂತೋ ಇಲ್ಲವೋ ಗುನ್ನೆ ನಂಬರ್ 47ರ ಕಡತದಲ್ಲಿ ಇಲ್ಲ. ಇಂಗ್ರಿಡ್‌ಬಾಯಿ ಹೊರಡುವ ಮೊದಲು ಹನ್ನೊಂದು ಗುಂಡಿಗಳನ್ನೂ ನಡೆದು ನೋಡಿದರು ಎಂದಷ್ಟೇ ಇದೆ.

ಕೋರ್ಟಿನ ಅಪ್ಪಣೆ ಪಡೆದು ಡ್ರಮ್ಮನ್ನು ರೇಣವ್ವನ ಸುಪರ್ದಿಗೆ ಕೊಟ್ಟದ್ದು ನವೆಂಬರ್ 14ಕ್ಕೆ. ಜಾಮೀನಿನ ಮೇಲೆ ಬಿಡುಗಡೆಯಾಗಿದ್ದ ಫಕ್ರುದ್ದೀನ, ಯಾರೂ ಕರೆಯದಿದ್ದರೂ, ಬರಿತಲೆಯಲ್ಲಿ ಬಂದು ಐದು ಮಂದಿಯ ಜೊತೆ ಆರನೆಯವನಾಗಿ ಅದನ್ನು ಹೊತ್ತು ಇಳಿಸಿದ. ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಡ್ರಮ್ಮು ಮೇಲೆದ್ದಿತ್ತು. ಒಳಗೆ ಲಕ್ಕವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ನಡುನಡುವೆ ತಡೆಯಿಲ್ಲದೆ ಒಂದು ಹಾಡಿನ ಗುನುಗು. ಅವನು ಹೊಸ್ತಿಲ ಹೊರಗೇ ಕುಳಿತ.

ರೇಣವ್ವ ಬಾಗಿಲಿಗೆ ಬಂದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಯಕ್ಕಾ," ಎಂದ ಅವನು, "ಒಂದ ಮಾತ ಯಾರ ಮುಂದೂ ಹೇಳಿಲ್ಲ. ನನಗ ವಾಸನಿ ಬರಂಗಿಲ್ಲ. ಒಂಬತ್ತ ವರ್ಷದಾಂವ ಇದ್ದಾಗ ಜ್ವರ ಬಂದು ಹೋತು. ದಿಲ್ಲಿ ಸಾಹೇಬ, ಟೇಪು, ರೈಲು, ಪಲ್ಯ, ಎಲ್ಲಾ ಸುಳ್ಳು."

ರೇಣವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ಒಳಗ ಉರಿಯಾಕತ್ತೈತಲ್ಲ," ಎಂದ ಅವನು ತಲೆ ತಗ್ಗಿಸಿ. "ಅದರ ವಾಸನಿ ಹೆಂಗ ಇರ್ತೈತಿ?"

ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು.

"ಉರಿಯೂವಾಗ ಅದಕ್ಕ ವಾಸನಿನ ಇರಂಗಿಲ್ಲೋ ಹವಾಲ್ದಾರ. ಇಷ್ಟ ದಿನ ನೀ ಏನ ಮೂಸಿ ಹೇಳಿದ್ಯೋ?"

"ಏನೂ ಇಲ್ಲಕ್ಕಾ," ಎಂದ ಫಕ್ರುದ್ದೀನ. "ಏನೂ ಇಲ್ಲ."